ಸಾಕು ಎಂದು ಹೇಳುವ ಮಡಿಕೆ

ನಾನು ಏನು ಓದುತ್ತಿದ್ದೇನೆ ಎಂದು ಅಪ್ಪ ಕುಳಿತು ಕೇಳಿದ್ದು ನಾನು ಪಿಎಚ್‌ಡಿಗೆ ಸೇರಿ ಎರಡು ವರ್ಷವಾದ ಮೇಲೆ. ಅಲ್ಲಿಯವರೆಗೆ ಯಾರಾದರೂ ವಿಚಾರಿಸಿದರೆ "ಬ್ಯಾಕ್ಟೀರಿಯಾ ಮೇಲೆ ಏನೋ ಮಾಡ್ತಿದಾಳೆ" ಎಂದು ಹೇಳಿ ಮಾತು ಮುಗಿಸುತ್ತಿದ್ದ. ಆ ಭಾನುವಾರ ನಾನು ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಹಾಳೆಗಳನ್ನು ಹರಡಿಕೊಂಡು ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆದು ಹೊಡೆದುಹಾಕುತ್ತಿದ್ದೆ. ಬುಧವಾರ ಸೆಮಿನಾರ್ ಇತ್ತು. ನನ್ನ ವಿಷಯವನ್ನು ಡಿಪಾರ್ಟ್‌ಮೆಂಟಿನ ಎಲ್ಲರಿಗೂ ಅರ್ಥವಾಗುವಂತೆ ಹೇಳಬೇಕಿತ್ತು. ನನಗೇ ಅದು ಕಾಗದದ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ.

ಅಪ್ಪ ರಾಜಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡರ್. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಪುಟದ ಕ್ರಮಕ್ಕೆ ಜೋಡಿಸಿ, ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರಿಂದ ಮನೆಯಲ್ಲಿ ಸುಮ್ಮನೆ ಕೂತಾಗಲೂ ಅವನ ಕೈಗೆ ಏನಾದರೂ ಕಾಗದ ಬೇಕಿತ್ತು. ಬಸ್ ಟಿಕೆಟ್ಟನ್ನೂ ನಾಲ್ಕು ಮೂಲೆ ಸರಿಯಾಗಿ ಕೂಡಿಸಿ ಮಡಚಿ ಜೇಬಿಗಿಡುತ್ತಿದ್ದ. ನಾನು ಹಾಳೆ ಹಾಳು ಮಾಡುತ್ತಿರುವುದನ್ನು ಅವನಿಗೆ ನೋಡಲಾಗಲಿಲ್ಲ.

"ಏನದು, ಅಷ್ಟು ಹೊತ್ತಿಂದ?" ಎಂದು ಪಕ್ಕದಲ್ಲಿ ಬಂದು ಕೂತ.

"ಆರ್‌ಎನ್‌ಎ ಮಡಚಿಕೊಳ್ಳೋದನ್ನ ತೋರಿಸಬೇಕಪ್ಪ. ಬರೆಯೋಕೆ ಬರ್ತಿಲ್ಲ."

"ಮಡಚೋದನ್ನ ಯಾರಾದ್ರೂ ಬರೀತಾರಾ? ಮಡಚಿ ತೋರಿಸಬೇಕು. ಏನು ಮಡಚೋದು, ಹೇಳು."

ಹೇಳಿದೆ. ಜೀವಕೋಶದ ಒಳಗೆ ಒಂದು ದೊಡ್ಡ ಪುಸ್ತಕ ಇದೆ ಎಂದುಕೋ, ಅದನ್ನು ಹೊರಗೆ ಕೊಡುವುದಿಲ್ಲ, ಬೇಕಾದಾಗ ಒಂದು ಪಾಠವನ್ನು ಮಾತ್ರ ನಕಲು ಮಾಡಿಕೊಡುತ್ತಾರೆ, ಆ ನಕಲೇ ಆರ್‌ಎನ್‌ಎ ಎಂದೆ. ಅದನ್ನು ಓದಿ, ಓದಿದ ಹಾಗೆ ಸಾಮಾನು ತಯಾರಿಸುವ ಯಂತ್ರ ಬೇರೆ ಇದೆ.

"ಆದ್ರೆ ಅದು ಹಾಳೆ ಥರ ಇರಲ್ಲ. ಉದ್ದ ರಿಬ್ಬನ್ ಥರ. ಅದರ ಮೇಲೆ ನಾಲ್ಕೇ ಅಕ್ಷರ. ಕೆಲವು ಅಕ್ಷರಕ್ಕೆ ಕೆಲವು ಅಕ್ಷರ ಕಂಡ್ರೆ ಇಷ್ಟ, ಹೋಗಿ ಅಂಟಿಕೊಳ್ಳುತ್ತೆ. ಅಂಟಿಕೊಂಡಾಗ ರಿಬ್ಬನ್ನು ತನಗೆ ತಾನೇ ಮಡಚಿಕೊಳ್ಳುತ್ತೆ."

"ಸರಿ. ಮಡಚಿಕೊಂಡು ಏನು ಮಾಡುತ್ತೆ?"

"ನಾನು ನೋಡ್ತಿರೋ ಆರ್‌ಎನ್‌ಎ ಒಂದು ಬಾಗಿಲು ಮಾಡೋ ಪಾಠ. ಬ್ಯಾಕ್ಟೀರಿಯಾ ಹೊರಗಿಂದ ಒಂದು ವಿಟಮಿನ್ ತಗೋಬೇಕಲ್ಲ, ಅದಕ್ಕೆ ಬಾಗಿಲು. ಒಳಗೆ ಆ ವಿಟಮಿನ್ ಬೇಕಾದಷ್ಟು ಇದ್ರೆ ಇನ್ನೂ ಬಾಗಿಲು ಯಾಕೆ ಹೇಳು. ಆಗ ವಿಟಮಿನ್ನೇ ಬಂದು ರಿಬ್ಬನ್ನಿನ ಮುಂದಿನ ತುದೀಲಿ ಕೂತ್ಕೊಳ್ಳುತ್ತೆ. ಅದು ಕೂತ ತಕ್ಷಣ ಮಡಿಕೆ ಬದಲಾಗುತ್ತೆ. ಪಾಠ ಶುರುವಾಗೋ ಜಾಗ ಮಡಿಕೆ ಒಳಗೆ ಸೇರಿಬಿಡುತ್ತೆ. ಓದೋ ಯಂತ್ರ ಬರುತ್ತೆ, ಎಲ್ಲಿ ಶುರು ಮಾಡಬೇಕೋ ಕಾಣಲ್ಲ, ವಾಪಸ್ ಹೋಗುತ್ತೆ."

ಅಪ್ಪ ನನ್ನ ಹಾಳೆಯೊಂದನ್ನು ಎತ್ತಿ ಮಡಚಿದ. "ಅಂದ್ರೆ ಯಜಮಾನ ಬಂದು ನಿಲ್ಸು ಅನ್ನಬೇಕಾಗಿಲ್ಲ. ಕಾಗದಾನೇ ಸಾಕು ಅನ್ನುತ್ತೆ."

"ಹೂಂ, ಅಷ್ಟೇ. ಇದು ಗೊತ್ತಾಗಿ ಇನ್ನೂ ಮೂರ್ನಾಲ್ಕು ವರ್ಷ ಅಷ್ಟೇ. ಮೊದಲು ಆರ್‌ಎನ್‌ಎ ಬರೀ ನಕಲು, ಅದಕ್ಕೆ ಸ್ವಂತ ಬುದ್ಧಿ ಇಲ್ಲ ಅಂದ್ಕೊಂಡಿದ್ರು."

"ಯಾವ ವಿಟಮಿನ್ನು?"

"ಬಿ ಟ್ವೆಲ್ವ್."

"ಓ," ಎಂದ ಅಪ್ಪ. ಆ ಹೆಸರು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿಬಂದಿದ್ದು ಹಾಗೆ. ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬನ್ನಿ" ಎಂದು ಎರಡು ಸಲ ಕರೆದಳು. ನಾವಿಬ್ಬರೂ ಏಳಲಿಲ್ಲ.

ಅಪ್ಪ ಪ್ರೆಸ್ಸಿನಿಂದ ತಂದಿಟ್ಟಿದ್ದ ಕಾಗದದ ಉದ್ದನೆಯ ಪಟ್ಟಿಗಳಲ್ಲಿ ಎರಡನ್ನು ತೆಗೆದು ತುದಿಗೆ ತುದಿ ಅಂಟಿಸಿದ. ನಾನು ಅದರ ಮೇಲೆ ಸಾಲಾಗಿ ಅಕ್ಷರಗಳನ್ನು ಬರೆದೆ. ಯಾವುದು ಯಾವುದಕ್ಕೆ ಸೇರಬೇಕು ಎಂದು ನಾನು ಹೇಳುತ್ತಾ ಹೋದೆ, ಅವನು ಮಡಚುತ್ತಾ ಹೋದ. ಎರಡನೇ ಪ್ರತಿ ಮಾಡುವಾಗ ಅವನ ಕೈ ನಿಂತಿತು. ಒಂದರ ಮೇಲೊಂದು ಕೂತಿದ್ದ ಪಟ್ಟಿಗಳನ್ನು ಬೇರೆ ಮಾಡಲು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದ, ಮತ್ತೆ ಉಜ್ಜಿದ, ಬೆಳಕಿಗೆ ಹಿಡಿದು ನೋಡಿದ.

"ಒಂದೋ ಎರಡೋ ಗೊತ್ತಾಗ್ತಿಲ್ಲ ಕಣಮ್ಮಾ. ಕಾಗದ ಸರಿಯಿಲ್ಲ, ಒಂದಕ್ಕೊಂದು ಅಂಟ್ಕೊಂಡಿದೆ."

ಮುಟ್ಟಿದರೆ ಸಾಕು, ಕಾಗದ ಎಷ್ಟು ದಪ್ಪ, ಯಾವ ಕಡೆ ಹರಿಯುತ್ತದೆ ಎಂದು ಹೇಳುತ್ತಿದ್ದ ಮನುಷ್ಯ. "ನಿನಗೂ ವಯಸ್ಸಾಯ್ತಪ್ಪ" ಎಂದು ನಕ್ಕೆ. ಅವನೂ ನಕ್ಕ. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ಮುಜುಗರವಾಗುತ್ತದೆ.

ಸೆಮಿನಾರ್ ಚೆನ್ನಾಗಿ ಆಯಿತು. ಚಿತ್ರ ಬಿಟ್ಟು ಪಟ್ಟಿಯನ್ನೇ ಎಲ್ಲರ ಮುಂದೆ ಮಡಚಿ ತೋರಿಸಿದೆ. ಮಾತು ಕಡಿಮೆ ಆಡುವ ನನ್ನ ಗೈಡ್ ಮೇಡಂ "ಇದನ್ನ ಯಾರು ಮಾಡಿಕೊಟ್ಟಿದ್ದು? ಮಡಿಕೆ ಎಷ್ಟು ನೀಟಾಗಿದೆ" ಎಂದು ಕೇಳಿದರು. ಮನೆಗೆ ಬಂದು ಹೇಳಿದಾಗ ಅಪ್ಪ ಕನ್ನಡಕ ಒರೆಸಿಕೊಂಡ. ಅವನಿಗೆ ಖುಷಿಯಾದರೆ ಹಾಗೆ.

ಆಮೇಲೆ ನಾನು ಲ್ಯಾಬಿನಲ್ಲಿ ಮುಳುಗಿಹೋದೆ. ಬೆಳಿಗ್ಗೆ ವಿಜಯನಗರದಲ್ಲಿ ಬಸ್ ಹತ್ತಿದರೆ ನಾಗರಭಾವಿ, ಮಲ್ಲತ್ತಹಳ್ಳಿ ದಾಟಿ ಕ್ಯಾಂಪಸ್ಸು. ಮನೆಗೆ ಬರುವ ಹೊತ್ತಿಗೆ ಅಪ್ಪ ಅಮ್ಮನ ಊಟ ಆಗಿರುತ್ತಿತ್ತು. ನನ್ನ ತಟ್ಟೆಯನ್ನು ಅಮ್ಮ ಮುಚ್ಚಿಟ್ಟಿರುತ್ತಿದ್ದಳು. ನಾವು ಮೂವರೂ ಒಟ್ಟಿಗೆ ಕೂತು ಉಣ್ಣುತ್ತಿದ್ದುದು ಭಾನುವಾರ ಮಾತ್ರ, ಅದೂ ಕೆಲವು ಭಾನುವಾರ.

ಲ್ಯಾಬಿನಲ್ಲಿ ನನ್ನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಬಾಗಿಲಿನ ಪಾಠದ ಮುಂದಿನ ತುದಿಯನ್ನು ಮಾತ್ರ ಕತ್ತರಿಸಿ, ಅದರ ಹಿಂದೆ ನೀಲಿ ಬಣ್ಣ ಬರಿಸುವ ಇನ್ನೊಂದು ಪಾಠವನ್ನು ಜೋಡಿಸಿದ್ದೆ. ಈಗ ಮಡಿಕೆ ತೆರೆದಿದ್ದರೆ ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳು ನೀಲಿ. ವಿಟಮಿನ್ ಹಾಕಿ ಮಡಿಕೆ ಮುಚ್ಚಿದರೆ ಚುಕ್ಕೆಗಳು ಬಿಳಿಚಿಕೊಳ್ಳುತ್ತವೆ. ವಿಟಮಿನ್ನಿನ ದ್ರಾವಣ ದಾಳಿಂಬೆ ರಸದ ಬಣ್ಣ. ಅದರ ಪುಟ್ಟ ಶೀಶೆಯನ್ನು ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ದಿನವೂ ಒಂದು ಹನಿಯ ಸಾವಿರದಲ್ಲೊಂದು ಪಾಲನ್ನು ಅಳೆದು ಹಾಕುತ್ತಿದ್ದೆ. ಅಷ್ಟೇ ಸಾಕಾಗುತ್ತಿತ್ತು ಆ ಜೀವಿಗಳಿಗೆ.

ಮಡಿಕೆಯಲ್ಲಿ ಯಾವ ಅಕ್ಷರ ಯಾವುದರ ಜೊತೆಗಾರ ಎಂದು ರುಜುವಾತು ಮಾಡಲು ಒಂದು ದಾರಿ ಇದೆ. ಜೋಡಿಯಲ್ಲಿ ಒಂದನ್ನು ಬದಲಾಯಿಸಿದರೆ ಜೋಡಿ ಮುರಿಯುತ್ತದೆ, ಮಡಿಕೆ ಕೂರುವುದಿಲ್ಲ, ವಿಟಮಿನ್ ಇದ್ದರೂ ಚುಕ್ಕೆ ನೀಲಿಯಾಗಿಯೇ ಉಳಿಯುತ್ತದೆ. ಆಮೇಲೆ ಎದುರಿನದನ್ನೂ ಅದಕ್ಕೆ ಹೊಂದುವ ಹಾಗೆ ಬದಲಾಯಿಸಬೇಕು. ಆಗ ಮತ್ತೆ ಮಡಿಕೆ ಕೂತರೆ ಅವೆರಡೂ ನಿಜವಾಗಿ ಜೋಡಿ ಎಂದು ಅರ್ಥ. ಮೊದಲನೆಯದು ನನಗೆ ಸಿಕ್ಕಿತ್ತು. ಎರಡನೆಯದು ತಿಂಗಳುಗಟ್ಟಲೆ ಕೈಗೆ ಹತ್ತಲಿಲ್ಲ. ಒಂದು ಸಲ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ಇನ್ನೊಂದು ಸಲ ಬದಲಾಯಿಸಿದ್ದೇ ತಪ್ಪು ಅಕ್ಷರ. ಮನೆಗೆ ಹೋದ ಮೇಲೂ ತಲೆ ತುಂಬ ನೀಲಿ ಚುಕ್ಕೆಗಳೇ.

ಈ ನಡುವೆ ಮನೆಯಲ್ಲಿ ಏನೇನೋ ಆಗುತ್ತಿತ್ತು. ನನ್ನ ಕಣ್ಣಿಗೆ ಅವು ಬಿಡಿಬಿಡಿಯಾಗಿ ಬಿದ್ದವು. ಸಾರು ಖಾರ ಎಂದು ಅಪ್ಪ ತಟ್ಟೆ ತಳ್ಳಿದ. ಅಮ್ಮ ಮೆಣಸಿನಕಾಯಿ ಅರ್ಧ ಮಾಡಿದಳು. ಆಗಲೂ ನಾಲಿಗೆ ಉರಿ ಎಂದ. ಬೀದಿಯಲ್ಲಿ ನಡೆಯುವಾಗ ಅವನ ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯುತ್ತಿತ್ತು. ಅದು ಉಳಿದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಳಗಿನ ಮನೆಯಲ್ಲಿದ್ದ ಹುಬ್ಬಳ್ಳಿ ಕಡೆಯ ಹೆಂಗಸು ಎರಡು ಸಲ ಚಪ್ಪಲಿ ಎತ್ತಿಕೊಂಡು ಬಂದು "ಅಣ್ಣಾರ, ಇದನ್ನ ಬಿಟ್ಟ ಹೊಂಟೀರಲ್ರೀ" ಎಂದು ಕೊಟ್ಟಿದ್ದಳಂತೆ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಅಪ್ಪ ತೂರಾಡುತ್ತಿದ್ದ, ಗೋಡೆ ಹಿಡಿದುಕೊಳ್ಳುತ್ತಿದ್ದ. ಜೊತೆಗೆ ಸಿಡುಕು. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದವನು ಅಮ್ಮನ ಮೇಲೆ ಕೂಗಾಡಿದ ಎಂದು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ.

ಹತ್ತಿರದ ಕ್ಲಿನಿಕ್ಕಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿದರು. ಸಕ್ಕರೆ ಇರಲಿಲ್ಲ. ವಯಸ್ಸು, ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಅಮ್ಮ ಶೀಶೆಯ ಮೇಲೆ ಗೆರೆ ಹಾಕಿ ತಪ್ಪದೆ ಕುಡಿಸಿದಳು.

ಆಮೇಲೆ ಒಂದು ದಿನ ಅಪ್ಪ ಮಧ್ಯಾಹ್ನಕ್ಕೇ ಪ್ರೆಸ್ಸಿನಿಂದ ಬಂದುಬಿಟ್ಟ. ಯಾವುದೋ ಶಾಲಾ ಪುಸ್ತಕದ ಒಂದು ಕಟ್ಟು ಪೂರ್ತಿ ಪುಟ ಹಿಂದುಮುಂದಾಗಿ ಹೊಲಿದುಹೋಗಿತ್ತು. ಯಜಮಾನರು ಬೈಯಲಿಲ್ಲ. "ನಾಲ್ಕು ದಿನ ರೆಸ್ಟ್ ತಗೊಳ್ಳಿ ಮಾಸ್ಟ್ರೇ" ಎಂದರಂತೆ. ಬೈದಿದ್ದರೇ ವಾಸಿಯಿತ್ತು ಎಂದು ಅಪ್ಪ ಅಮ್ಮನಿಗೆ ಹೇಳಿದ. ನನಗೆ ಹೇಳಲಿಲ್ಲ. ನಾನು ಬಂದಾಗ ಕಿಟಕಿಯ ಹತ್ತಿರ ಕೂತು ತನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದ.

"ಏನಪ್ಪಾ?"

"ಏನಿಲ್ಲ. ಬೆರಳಿಗೆ ಯಾರೋ ಬಟ್ಟೆ ಸುತ್ತಿದ ಹಾಗಿದೆ."

ನಾಳೆ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದೆ. ಮರುದಿನ ಲ್ಯಾಬಿನಲ್ಲಿ ಏನೋ ಕೆಲಸ ಬಿತ್ತು. ಅದರ ಮರುದಿನವೂ ಬಿತ್ತು. ಒಂದು ವಾರ ಹಾಗೇ ಹೋಯಿತು.

ಎರಡನೇ ಅಕ್ಷರ ಸಿಗುವವರೆಗೆ ಸುಮ್ಮನೆ ಕೂರಬೇಡ, ಪ್ರಬಂಧದ ಪೀಠಿಕೆಯನ್ನಾದರೂ ಬರೆಯಲು ಶುರು ಮಾಡು ಎಂದು ಮೇಡಂ ಹೇಳಿದ್ದರು. ಒಂದು ಮಧ್ಯಾಹ್ನ ಡಿಪಾರ್ಟ್‌ಮೆಂಟಿನ ಕಂಪ್ಯೂಟರ್ ಮುಂದೆ ಕೂತು ಬರೆಯತೊಡಗಿದೆ. ಈ ವಿಟಮಿನ್ನನ್ನು ಗಿಡಗಳೂ ಮಾಡಲಾರವು, ಪ್ರಾಣಿಗಳೂ ಮಾಡಲಾರವು, ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಮಾತ್ರ ಮಾಡಬಲ್ಲವು. ಮನುಷ್ಯರಿಗೆ ಇದು ಮಾಂಸ, ಮೊಟ್ಟೆ, ಹಾಲಿನಿಂದ ಬರುತ್ತದೆ. ಕೊರತೆಯಾದರೆ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು, ಸಿಡುಕು, ನಾಲಿಗೆ ಉರಿ... ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದವನ್ನು ಟೈಪ್ ಮಾಡುತ್ತಿದ್ದೆ. ನಾಲಿಗೆ ಎಂಬಲ್ಲಿಗೆ ಬಂದಾಗ ನನ್ನ ಕೈ ನಿಂತಿತು.

ಈ ವಾಕ್ಯವನ್ನು ಮೊದಲು ಓದಿದ್ದು ಎಂಎಸ್‌ಸಿಯಲ್ಲಿ. ಪರೀಕ್ಷೆಯಲ್ಲಿ ಬರೆದಿದ್ದೆ. ಎರಡು ವರ್ಷದಿಂದ ದಿನವೂ ಆ ಕೆಂಪು ಶೀಶೆಯನ್ನು ಕೈಯಲ್ಲಿ ಹಿಡಿಯುತ್ತಿದ್ದೆ. ಕಣ್ಣಿಗೆ ಕಾಣದ ಜೀವಿಗೆ ಈ ವಿಟಮಿನ್ ಸಾಕೋ ಸಾಲದೋ ಎಂದು ಹಗಲೆಲ್ಲ ಕಾಯುತ್ತಿದ್ದೆ. ಮನೆಯಲ್ಲಿ ಅಪ್ಪ ಗೋಡೆ ಹಿಡಿದು ಮುಖ ತೊಳೆಯುತ್ತಿದ್ದ.

ಕಂಪ್ಯೂಟರ್ ಆರಿಸದೆಯೇ ಎದ್ದು ಬಂದು ಬಸ್ ಹತ್ತಿದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಒಳಗೆ ಮಲಗಿದ್ದ. ನಾನು ಆ ಹೊತ್ತಿಗೆ ಮನೆಗೆ ಬಂದದ್ದು ನೋಡಿ ಅಮ್ಮ ಗಾಬರಿಯಾದಳು.

"ಅಮ್ಮ, ಅಪ್ಪ ದಿನಾ ಏನು ತಿಂತಾನೆ?"

"ಏನು ತಿಂತಾರೆ, ಮುದ್ದೆ, ಅನ್ನ, ಸಾರು. ಯಾಕೆ?"

"ಹಾಲು, ಮೊಸರು?"

ಅಮ್ಮ ಸೊಪ್ಪಿನ ಮೇಲಿನ ಕಣ್ಣು ತೆಗೆಯಲಿಲ್ಲ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹಾಲು ಮೊಸರು ಬಿಟ್ಟರೆ ಈ ವಿಟಮಿನ್ ಬರಲು ಬೇರೆ ದಾರಿಯೇ ಇಲ್ಲ. ನಾನು ಮತ್ತೆ ಕೇಳಿದೆ.

"ನಿಮ್ಮಪ್ಪ ಹಾಲು ಮೊಸರು ಬಿಟ್ಟು ನಾಲ್ಕು ವರ್ಷ ಆಗ್ತಾ ಬಂತು," ಎಂದಳು.

"ಬಿಟ್ಟು ಅಂದ್ರೆ?"

"ಹರಕೆ ಹೊತ್ಕೊಂಡಿದಾರೆ. ನಿನಗೆ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿಹೋಯ್ತಲ್ಲ, ಆ ವರ್ಷ. ಓದೋದೇ ಬೇಡ ಅಂತ ನೀನು ಗೋಡೆ ಕಡೆ ತಿರುಗಿ ಮಲಗಿರ್ತಿದ್ದೆ. ಅವತ್ತು ದೇವಸ್ಥಾನಕ್ಕೆ ಹೋಗಿ, ಇವಳ ಓದೆಲ್ಲಾ ಮುಗಿಯೋವರೆಗೂ ಹಾಲು ಮೊಸರು ತುಪ್ಪ ಮುಟ್ಟಲ್ಲ ಅಂತ ಹೇಳ್ಕೊಂಡು ಬಂದ್ರು. ಒಂದೆರಡು ವರ್ಷದಲ್ಲಿ ಮುಗಿಯುತ್ತೆ ಅಂದ್ಕೊಂಡ್ವಿ. ನೀನು ಆಮೇಲೆ ಇದಕ್ಕೆ ಸೇರಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹರಕೆ ಆಗುತ್ತಾ? ನೀನು ನೊಂದ್ಕೋತೀಯ ಅಂತ ಬೇರೆ. ಭಾನುವಾರ ನೀನು ಮೊಸರು ಕಲಸುವಾಗ ಅವರು ಎದ್ದುಹೋಗ್ತಿರಲಿಲ್ವಾ, ಕೈ ತೊಳೀತೀನಿ ಅಂತ?"

ಹೋಗುತ್ತಿದ್ದ. ಬೇಗ ಉಣ್ಣುವ ಅಭ್ಯಾಸ ಎಂದುಕೊಂಡಿದ್ದೆ.

ಮರುದಿನ ಲ್ಯಾಬಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಅಪ್ಪನನ್ನು ವಿಜಯನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ನರಗಳ ಡಾಕ್ಟರು ವಯಸ್ಸಾದ ಹೆಂಗಸು, ನಿಧಾನಸ್ಥೆ. ಅಪ್ಪನ ಕಾಲಿನ ಹೆಬ್ಬೆರಳಿಗೆ ಮಿಡಿದರೆ ನಡುಗುವ ಕಬ್ಬಿಣದ ಕವಲನ್ನು, ಟ್ಯೂನಿಂಗ್ ಫೋರ್ಕನ್ನು, ಒತ್ತಿ ಹಿಡಿದು ಕೇಳಿದರು.

"ಗುಂಯ್ ಅಂತಿದೆಯಾ?"

"ಇಲ್ಲ ಮೇಡಂ."

ಪಾದದ ಗಂಟಿಗೆ ಇಟ್ಟರು. "ಇಲ್ಲಿ?"

"ಇಲ್ಲ."

ಮೊಣಕಾಲಿಗೆ ಬಂದಾಗ ಅಪ್ಪನ ಮುಖ ಅರಳಿತು. "ಹಾಂ, ಇಲ್ಲಿ ಗೊತ್ತಾಗ್ತಿದೆ!" ಪರೀಕ್ಷೆ ಪಾಸಾದವನಂತೆ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿಕೊಂಡೆ.

ರಕ್ತದ ವರದಿ ಬಂತು. ನಾನು ಎಣಿಸಿದ್ದೇ ಇತ್ತು. ನಾನು ಹರಕೆಯ ವಿಷಯ ಹೇಳಿದೆ. ಡಾಕ್ಟರು ನನ್ನನ್ನೇ ನೋಡಿ, "ಹೊಟ್ಟೆಗೆ ಹೀರಿಕೊಳ್ಳೋ ಶಕ್ತಿಯೇ ಕಡಿಮೆ ಇರಬಹುದು, ಎಷ್ಟೋ ಜನಕ್ಕೆ ಹಾಗಿರುತ್ತೆ. ಬರೀ ಮೊಸರು ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಹೇಳೋಕಾಗಲ್ಲ. ನೀವು ಅದನ್ನ ತಲೆಗೆ ಹಚ್ಚಿಕೊಳ್ಳಬೇಡಿ" ಎಂದರು. ಆಮೇಲೆ ಅಪ್ಪನಿಗೆ, "ಇಂಜೆಕ್ಷನ್ ಕೊಡ್ತೀನಿ. ಮೊದಲು ದಿನ ಬಿಟ್ಟು ದಿನ. ಎಷ್ಟು ವಾಪಸ್ ಬರುತ್ತೋ ನೋಡೋಣ. ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ" ಎಂದರು.

ನರ್ಸ್ ಸಿರಿಂಜಿಗೆ ಔಷಧಿ ಎಳೆದಾಗ ಅದು ಕೆಂಪಗೆ ಏರಿತು. ದಾಳಿಂಬೆ ರಸದ ಅದೇ ಬಣ್ಣ. ಅಪ್ಪ ಹೆದರಿ, "ಇದೇನು, ರಕ್ತ ಕೊಡ್ತೀರಾ?" ಎಂದ.

"ಇಲ್ಲಪ್ಪ, ಇದೇ ಬಿ ಟ್ವೆಲ್ವ್."

"ನಿನ್ನದಾ?"

"ನನ್ನದೇ," ಎಂದೆ. ಅಪ್ಪ ತೋಳು ಮುಂದೆ ಚಾಚಿದ. ಆಮೇಲೆ ತಟ್ಟನೆ ಹಿಂದಕ್ಕೆಳೆದುಕೊಂಡ.

"ತಡಿಯಮ್ಮಾ. ಇದನ್ನ ಹಾಲಿಂದ ಮಾಡ್ತಾರಾ?"

ನರ್ಸಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅಳು ಬರುವ ಹಾಗಾಯಿತು, ನಗುವೂ ಬಂತು. "ಇಲ್ಲಪ್ಪ. ಹಾಲಿಂದಲೂ ಅಲ್ಲ, ಮಾಂಸದಿಂದಲೂ ಅಲ್ಲ. ಬ್ಯಾಕ್ಟೀರಿಯಾನ ದೊಡ್ಡ ತೊಟ್ಟೀಲಿ ಬೆಳೆಸಿ ಅದರಿಂದ ತೆಗೀತಾರೆ."

"ಹಾಗಾದ್ರೆ ಸರಿ," ಎಂದು ತೋಳು ಕೊಟ್ಟ.

ವಾಪಸ್ ಬರುವಾಗ ನಾನು ಅವನೊಡನೆ ಜಗಳವಾಡಿದೆ. ಹರಕೆ ಬಿಟ್ಟುಬಿಡು, ದೇವರೇನು ನಿನ್ನ ಕಾಲು ಕೇಳಿದ್ದನೇ ಎಂದೆ. ಆಟೋದವನು ಕನ್ನಡಿಯಲ್ಲಿ ನೋಡುವಷ್ಟು ಜೋರಾಗಿ ಹೇಳಿದೆ. ಅಪ್ಪ ತಣ್ಣಗೆ, "ಮಾತು ಕೊಟ್ಟಾಗಿದೆ ಕಣಮ್ಮಾ. ನೀನು ಬೇಗ ಮುಗಿಸು, ಅಷ್ಟೇ" ಎಂದ. ಎರಡನೇ ಅಕ್ಷರ ಸಿಗದೆ ನನ್ನ ಕೆಲಸ ನಿಂತುಹೋಗಿದೆ ಎಂದು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಂಜೆಕ್ಷನ್ ಇದ್ದರೆ ಮೊಸರು ಇಲ್ಲದಿದ್ದರೂ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಹೆಸರಿನಲ್ಲಿ ಅವನ ತಟ್ಟೆಯಿಂದ ಏನೋ ಒಂದು ದಿನವೂ ಕಡಿಮೆಯಾಗುತ್ತಿದೆ ಎಂಬುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಇದನ್ನು ಬಗೆಹರಿಸಿದವಳು ಅಮ್ಮ. ಆ ಭಾನುವಾರ ಮೂವರೂ ಊಟಕ್ಕೆ ಕೂತಿದ್ದೆವು. ಸಾರನ್ನದ ಮೇಲೆ ಅಪ್ಪ ಏಳಲು ಹೊರಟಾಗ ಅಮ್ಮ ಅವನ ತಟ್ಟೆಗೆ ಇನ್ನೊಂದು ಹಿಡಿ ಅನ್ನ ಹಾಕಿ, ಕೇಳದೆ ಹೇಳದೆ ಒಂದು ಸೌಟು ಮೊಸರು ಸುರಿದಳು. ಅಪ್ಪ ಅವಳ ಮುಖ ನೋಡಿದ.

"ಏನೇ ಇದು?"

"ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿದ್ದೆ. ನಾನೇ ಹೇಳಿ ಬಂದಿದೀನಿ. ಇವಳು ಓದ್ತಾಳೆ, ಮುಗಿಸ್ತಾಳೆ. ನಮ್ಮನೆಯವರ ಕಾಲು ನಮಗೆ ಬೇಕು ಅಂತ. ತಪ್ಪಿದ್ರೆ ನನಗಿರಲಿ. ಉಣ್ಣಿ."

ಅಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕಲಸಿದ. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡ. "ಉಪ್ಪು ಹಾಕು," ಎಂದ. ಅಮ್ಮ ಉಪ್ಪು ಹಾಕಿದಳು. ನಾನು ನೀರು ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಅಂದು ಸಂಜೆ ಅಪ್ಪ ಕೇಳಿದ, "ಆ ನಿನ್ನ ಹುಳಕ್ಕೆ ಸಾಕು ಅಂತ ಗೊತ್ತಾಗುತ್ತೆ, ಸಾಲದು ಅಂತಲೂ ಗೊತ್ತಾಗುತ್ತೆ. ನಮಗ್ಯಾಕೆ ಗೊತ್ತಾಗಲ್ಲ?"

"ನಮ್ಮಲ್ಲಿ ಅಂಥ ಮಡಿಕೆ ಇಲ್ಲಪ್ಪ. ನಾವು ಲಿವರಿನಲ್ಲಿ ಕೂಡಿಟ್ಕೊಂಡಿರ್ತೀವಿ. ಬರೋದು ನಿಂತ್ರೂ ಅದನ್ನೇ ಕರಗಿಸ್ಕೊಂಡು ವರ್ಷಗಟ್ಟಲೆ ನಡೆಸ್ತೀವಿ. ಪೂರ್ತಿ ಖಾಲಿಯಾಗೋವರೆಗೂ ಮೈ ಏನೂ ಹೇಳೋದೇ ಇಲ್ಲ."

"ಥೇಟ್ ನೀವೇ," ಎಂದಳು ಅಮ್ಮ ಅಪ್ಪನಿಗೆ.

ಇಂಜೆಕ್ಷನ್ನಿನಿಂದ ಮೊದಲು ವಾಸಿಯಾದದ್ದು ನಾಲಿಗೆ. ಅಮ್ಮ ಖುಷಿಯಿಂದ ಮತ್ತೆ ಹಳೆಯ ಲೆಕ್ಕದಲ್ಲಿ ಮೆಣಸಿನಕಾಯಿ ಹಾಕಿದಳು. ಕಾಲಿನಲ್ಲಿ ಮಾತ್ರ ಮೊದಲೆರಡು ವಾರ ಜೋಮು ಹೆಚ್ಚಾಯಿತು, ಇರುವೆ ಹರಿದ ಹಾಗೆ ಎಂದು ಅಪ್ಪ ನಿದ್ದೆಯಿಲ್ಲದೆ ಒದ್ದಾಡಿದ. ನರ ಎಚ್ಚರವಾಗುತ್ತಿರಬೇಕು ಎಂದರು ಡಾಕ್ಟರು. ಎರಡು ತಿಂಗಳಲ್ಲಿ ಸಿಡುಕು ಹೋಯಿತು. ಅಮ್ಮನ ಮೇಲೆ ಕೂಗಾಡಿದ್ದು ಅವನಿಗೆ ನೆನಪೇ ಇರಲಿಲ್ಲ. ನಾವು ನೆನಪಿಸಲೂ ಇಲ್ಲ.

ಎರಡನೇ ಅಕ್ಷರ ಸಿಕ್ಕಿದ್ದು ಆ ಸುಮಾರಿಗೇ. ಒಂದು ಬೆಳಿಗ್ಗೆ ತಟ್ಟೆಗಳನ್ನು ಹೊರಗೆ ತೆಗೆದೆ. ವಿಟಮಿನ್ ಇಲ್ಲದ ತಟ್ಟೆಯಲ್ಲಿ ಚುಕ್ಕೆಗಳು ಗಾಢ ನೀಲಿ. ವಿಟಮಿನ್ ಇದ್ದದ್ದರಲ್ಲಿ ಬಿಳಿಚಿಕೊಂಡು ಮೊಸರಿನ ಹನಿಗಳ ಹಾಗೆ ಕೂತಿದ್ದವು. ಮುರಿದಿದ್ದ ಜೋಡಿ ಬೇರೆ ಅಕ್ಷರಗಳಲ್ಲಿ ಮತ್ತೆ ಕೂಡಿಕೊಂಡಿತ್ತು. ಮೇಡಂ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ "ಇನ್ನೆರಡು ಸಲ ಮಾಡು, ಇದೇ ಬಂದ್ರೆ ಪಾರ್ಟಿ ನಂದು" ಎಂದರು. ಎರಡು ಸಲವೂ ಅದೇ ಬಂತು.

ಪಾರ್ಟಿಯ ದಿನ, ಒಂದು ಶನಿವಾರ, ಅಪ್ಪ ಲ್ಯಾಬಿಗೆ ಬಂದ. ಕೋಲು ಹಿಡಿದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅಮ್ಮ ಮಾಡಿಕೊಟ್ಟ ಕೋಡುಬಳೆಯ ಡಬ್ಬಿಯೊಡನೆ. ಮೇಡಂ ಅವನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನಾನು ತಟ್ಟೆಗಳನ್ನು ತೋರಿಸಿದೆ. ಅಪ್ಪ ಎದ್ದು, ಕೋಲನ್ನು ಕುರ್ಚಿಗೆ ಒರಗಿಸಿ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ.

"ಇಷ್ಟೇನಾ?" ಎಂದ.

"ಇಷ್ಟೇ."

"ಇದಕ್ಕೆ ಮೂರು ವರ್ಷ ಬೇಕಾಯ್ತಾ?"

ಮೇಡಂ ಜೋರಾಗಿ ನಕ್ಕರು. "ಕರೆಕ್ಟಾಗಿ ಕೇಳಿದ್ರಿ. ನಾನೂ ಇವಳನ್ನ ಅದನ್ನೇ ಕೇಳ್ತಿದ್ದೆ." ಅಪ್ಪನಿಗೆ ನಾಚಿಕೆಯಾಯಿತು. ಹೊರಡುವಾಗ ಮೇಡಂಗೆ ಕೈಮುಗಿದು, "ಇವಳು ಊಟಕ್ಕೆ ಸರಿಯಾದ ಹೊತ್ತಿಗೆ ಮನೆಗೆ ಬರೋ ಹಾಗೆ ನೋಡ್ಕೊಳ್ಳಿ" ಎಂದು ಹೇಳಿ ಹೋದ. ಅಂದಿನಿಂದ ಏಳು ಗಂಟೆಗೆ ಮೇಡಂ ಬಂದು ನನ್ನ ಮೇಜಿನ ದೀಪ ಆರಿಸುತ್ತಿದ್ದರು.

ಡಾಕ್ಟರು ಮೊದಲೇ ಹೇಳಿದ್ದಂತೆ ಎಲ್ಲವೂ ವಾಪಸ್ ಬರಲಿಲ್ಲ. ಎಡಗಾಲಿನ ಬೆರಳುಗಳು ಕೊನೆಯವರೆಗೂ ಮಂಕಾಗಿಯೇ ಉಳಿದವು. ಅಪ್ಪ ಪಟ್ಟಿ ಇರುವ ಚಪ್ಪಲಿಗೆ ಬದಲಾಯಿಸಿದ. ಪ್ರೆಸ್ಸಿನ ಯಜಮಾನರು ಮತ್ತೆ ಕರೆದರು. ಪುಟ ಎಣಿಸಿ ಜೋಡಿಸುವ ಕೆಲಸ ಬಿಟ್ಟು, ರಟ್ಟಿಗೆ ಹೊದಿಕೆ ಹಚ್ಚುವ ಕೆಲಸವನ್ನು ಅರ್ಧ ದಿನ ಮಾಡುತ್ತಿದ್ದ. ಬೆರಳು ನಂಬುವ ಬದಲು ಕಣ್ಣಿನಿಂದ ನೋಡಿ ಮಾಡುವುದನ್ನು ಆ ವಯಸ್ಸಿನಲ್ಲಿ ಕಲಿತ. ನಾನು ತಡವಾಗಿ ನೋಡಿದೆನಲ್ಲ ಎಂಬುದು ನನ್ನಲ್ಲಿ ಉಳಿಯಿತು. ಒಮ್ಮೆ ಅದನ್ನು ಅವನ ಎದುರು ಹೇಳಿಯೂ ಬಿಟ್ಟೆ. "ನೀನಾದ್ರೂ ನೋಡಿದ್ಯಲ್ಲ. ನಾನೇ ನೋಡ್ಕೊಂಡಿರಲಿಲ್ಲ," ಎಂದ. ಅಷ್ಟೇ. ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ.

ತಿಂಗಳಿಗೊಂದು ಇಂಜೆಕ್ಷನ್ ಮಾತ್ರ ನಿಲ್ಲಲಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ನಾವಿಬ್ಬರೂ ಗೋವಿಂದರಾಜನಗರದಿಂದ ವಿಜಯನಗರಕ್ಕೆ ನಡೆದೇ ಹೋಗುತ್ತಿದ್ದೆವು. ಅಪ್ಪ ನಿಧಾನ, ನಾನೂ ನಿಧಾನ. ನನ್ನ ಇಡೀ ಬಾಲ್ಯದಲ್ಲಿ ಆಡದಷ್ಟು ಮಾತನ್ನು ಆ ದಾರಿಯಲ್ಲಿ ಆಡಿದೆವು. ಅವನು ಕೆಲಸ ಕಲಿತ ದಿನಗಳು, ಅಮ್ಮನನ್ನು ನೋಡಲು ಹೋದದ್ದು, ನಾನು ಹುಟ್ಟಿದಾಗ ಹೆಸರಿಡಲು ಆದ ಜಗಳ, ಎಲ್ಲವೂ ಗೊತ್ತಾದದ್ದು ಅಲ್ಲಿ.

ಒಂದು ಸಲ, ಚಳಿಗಾಲವಿರಬೇಕು, ವಾಪಸ್ ಬರುವಾಗ ಅವನು ಇದ್ದಕ್ಕಿದ್ದಂತೆ ಕೇಳಿದ.

"ಈ ಬ್ಯಾಕ್ಟೀರಿಯಾಕ್ಕೆ ಅಪ್ಪ ಅಮ್ಮ ಅಂತ ಇರ್ತಾರಾ?"

"ಇಲ್ಲಪ್ಪ. ಒಂದು ಇದ್ದದ್ದು ಉದ್ದ ಆಗಿ ಎರಡಾಗಿ ಒಡೆಯುತ್ತೆ."

"ಆ ಎರಡರಲ್ಲಿ ಯಾವುದು ಅಪ್ಪ, ಯಾವುದು ಮಗಳು?"

"ಹೇಳೋಕಾಗಲ್ಲ. ಎರಡೂ ಒಂದೇ ಥರ ಇರುತ್ತೆ."

ಅಪ್ಪ ಮುಂದೆ ನಡೆದ. ಒಳಗೊಳಗೇ ನಗುತ್ತಿದ್ದ. ಮಾರ್ಕೆಟ್ಟಿನ ಹತ್ತಿರ ರಸ್ತೆ ಬದಿಯಲ್ಲಿ ಚೀಲ ಬಿಚ್ಚಿ ಅವರೆಕಾಯಿ ಸುರಿದಿದ್ದರು. ಅಲ್ಲಿ ನಿಂತು ಒಂದು ಕಾಯಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದ, ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದ.

"ಸೊಗಡು ಹೇಗಿದೆ ನೋಡು," ಎಂದ. "ನಿಮ್ಮಮ್ಮಂಗೆ ಎರಡು ಕೆಜಿ ತಗೊಂಡು ಹೋಗೋಣ. ಇವತ್ತು ಮೂವರೂ ಕೂತು ಬಿಡಿಸೋಣ."